ಲಿಫ್ಟಣ್ಣನ ಬೇಸ್ ಕೇಳಿಸಿದ ಭಾನುವಾರ

ಲಿಫ್ಟಣ್ಣ ಗಿಟಾರು ಬಾರಿಸುತ್ತಾನೆ ಎಂದರೆ ಅವನನ್ನು ನೋಡಿದವರು ನಂಬುತ್ತಿರಲಿಲ್ಲ. ಕೇಳಿದವರು ನಂಬುತ್ತಿದ್ದರೋ ಏನೋ, ಆದರೆ ಕೇಳಿದವರೇ ಇರಲಿಲ್ಲ. ವಾದ್ಯದವರ ಸಾಲಿನ ಎಡತುದಿಯಲ್ಲಿ, ಸ್ಪೀಕರಿನ ಪಕ್ಕ, ಬೋಳುತಲೆಯ ದಪ್ಪ ಮನುಷ್ಯನೊಬ್ಬ ನಾಲ್ಕು ದಪ್ಪ ತಂತಿಗಳ ಬೇಸ್ ಗಿಟಾರನ್ನು ಹೊಟ್ಟೆಯ ಮೇಲೆ ಒರಗಿಸಿಕೊಂಡು, ಕಣ್ಣುಮುಚ್ಚಿ ತೂಗಾಡುತ್ತಿರುತ್ತಿದ್ದನಲ್ಲ, ಅವನೇ. ಅವನನ್ನು ಸ್ಪೀಕರ್ ಕಾಯುವವನು ಎಂದುಕೊಂಡವರೇ ಹೆಚ್ಚು. ಒಮ್ಮೆ ಒಬ್ಬಾಕೆ ಹಾಡಿನ ನಡುವೆಯೇ ಹತ್ತಿರ ಬಂದು, "ಅಣ್ಣಾ, ಕೆಳಗಡೆ ಲಿಫ್ಟ್ ನಿಂತುಬಿಟ್ಟಿದೆ, ಸ್ವಲ್ಪ ನೋಡ್ತೀರಾ?" ಎಂದು ಕರೆದುಕೊಂಡು ಹೋದಳು. ಅವನು ಹೋಗಿ, ಸರಿಮಾಡಿ, ಕೈ ತೊಳೆದು ವಾಪಸ್ ಬರುವಷ್ಟರಲ್ಲಿ ಎರಡು ಹಾಡು ಮುಗಿದಿದ್ದವು. ಜೊತೆಯವರಲ್ಲಿ ಯಾರೊಬ್ಬರೂ "ಎಲ್ಲಿ ಹೋಗಿದ್ದೆ?" ಎಂದು ಕೇಳಲಿಲ್ಲ. ಅವನು ಹೋದದ್ದೇ ಯಾರಿಗೂ ಗೊತ್ತಾಗಿರಲಿಲ್ಲ.

ಹೆಸರೇ ಹೇಳುವಂತೆ ಅವನ ಕಸುಬು ಲಿಫ್ಟ್ ರಿಪೇರಿ. ಎತ್ತರದ ಕಟ್ಟಡಗಳ ನೆತ್ತಿಯಲ್ಲಿ ಮೋಟಾರು ಕೂರಿಸಿದ ಕೋಣೆಗಳಿರುತ್ತವಲ್ಲ, ಅವುಗಳ ಬೀಗದ ಕೈಗೊಂಚಲು ಅವನ ಸೊಂಟದಲ್ಲಿ ಸದಾ ಝಣಝಣ ಎನ್ನುತ್ತಿತ್ತು. ಲಿಫ್ಟನ್ನು ಎತ್ತಿ ಇಳಿಸುವ ಉಕ್ಕಿನ ಹಗ್ಗಗಳ ಮೇಲೆ ಅವನಿಗೆ ವಿಶೇಷ ಪ್ರೀತಿ. ಮೋಟಾರು ನಿಲ್ಲಿಸಿ, ಹಗ್ಗಕ್ಕೆ ಬಟ್ಟೆ ಸುತ್ತಿ ಮೆಲ್ಲನೆ ಸವರುವನು. ಬಟ್ಟೆಯ ನೂಲು ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲೊಂದು ಎಳೆ ಕಿತ್ತಿದೆ ಎಂದರ್ಥ. ಎಳೆ ಹೆಚ್ಚು ಕಿತ್ತಿದ್ದರೆ ಹಗ್ಗ ಬದಲು, ಇಲ್ಲದಿದ್ದರೆ ಎಣ್ಣೆ ಸವರಿ ಸುಮ್ಮನೆ ಬಿಡುವುದು. ಇದಿಷ್ಟು ಅವನ ಶಾಸ್ತ್ರ. "ಲಿಫ್ಟ್ ಹತ್ತಿದವರಿಗೆ ಹತ್ತಿದ್ದೇ ಗೊತ್ತಾಗಬಾರದು, ನಿಂತದ್ದೂ ಗೊತ್ತಾಗಬಾರದು. ಬಾಗಿಲು ತೆಗೀತು, ಅವರವರ ಮಹಡಿ ಬಂತು, ಅಷ್ಟೇ," ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಈ ಮಾತು ಹೇಳುವಾಗ ಅವನ ಎದೆ ಒಂದಂಗುಲ ಉಬ್ಬುತ್ತಿತ್ತು.

ವಾದ್ಯದ ತಂಡ ಅವನ ಅಕ್ಕನದು. ಅಕ್ಕನಿಗೆ ಸ್ವಂತ ಲಾಂಡ್ರಿ. ಹೋಟೆಲುಗಳ ಮೇಜಿನ ಬಟ್ಟೆ, ಆಸ್ಪತ್ರೆಯ ಹೊದಿಕೆ, ಜಿಡ್ಡು ಹಿಡಿದದ್ದು, ಕಲೆ ಕೂತದ್ದು, ಏನೇ ಬಂದರೂ ಅವಳ ಕೈಯಿಂದ ಬಿಳಿಯಾಗಿಯೇ ಹೊರಗೆ ಹೋಗಬೇಕು. ಭಾನುವಾರ ಲಾಂಡ್ರಿಗೆ ರಜೆ, ತಂಡಕ್ಕೆ ಅಭ್ಯಾಸ. ಸಾಲಾಗಿ ನಿಂತ ತೊಳೆಯುವ ಯಂತ್ರಗಳ ನಡುವೆ ಅಕ್ಕ ಮೈಕು ಹಿಡಿದು ಹಾಡುವಳು. ಅವಳ ಗಂಡ, ಅಂದರೆ ಲಿಫ್ಟಣ್ಣನ ಭಾವ, ಡ್ರಮ್ಸ್ ಬಾರಿಸುವರು. ಭಾವನ ಬಾಯಲ್ಲಿ ಮಾತು ಕೇಳಿದವರು ಕಡಿಮೆ. ಇದ್ದ ಮಾತನ್ನೆಲ್ಲ ಕೋಲುಗಳ ತುದಿಯಿಂದಲೇ ಮುಗಿಸಿಬಿಡುತ್ತಿದ್ದರು. ಕೀಬೋರ್ಡಿಗೆ ಎದುರು ಬೀದಿಯ ಹಲ್ಲಿನ ಡಾಕ್ಟರು. ಅವರ ಬಲಗೈ ಬಲು ಚುರುಕು. ಎಡಗೈಗೆ ಕೆಲಸ ಸಾಲದೆ ಅದು ಸದಾ ಮಿಡುಕುತ್ತಿರುತ್ತಿತ್ತು.

ಆ ಎಡಗೈಯಿಂದಲೇ ಗಂಡಾಂತರ ಬಂದದ್ದು.

"ಪುಟ್ಟಾ, ಬೇಜಾರು ಮಾಡ್ಕೋಬೇಡ," ಎಂದಳು ಅಕ್ಕ, ಒಂದು ಭಾನುವಾರ ಅಭ್ಯಾಸ ಮುಗಿದ ಮೇಲೆ. ಐವತ್ತು ದಾಟಿದರೂ ಅವನು ಅವಳಿಗೆ ಪುಟ್ಟನೇ. "ಪಾರ್ಕಲ್ಲಿ ಪ್ರೋಗ್ರಾಂ ಹತ್ರ ಬಂತು. ಈ ಸಲ ಜನ ಜಾಸ್ತಿ ಇರ್ತಾರೆ. ನೀನು ಬಾರಿಸೋದು ನನಗೇ ಕೇಳಿಸಲ್ಲ ಕಣೋ, ಇನ್ನು ಜನಕ್ಕೇನು ಕೇಳಿಸುತ್ತೆ? ಅವತ್ತೂ ಕೇಳಿಸ್ಲಿಲ್ಲ ಅಂದ್ರೆ ಮುಂದಿನ ಸಲದಿಂದ ಡಾಕ್ಟ್ರು ಎಡಗೈಲಿ ಬೇಸ್ ನೋಡ್ಕೋತಾರೆ."

"ಮತ್ತೆ ನಾನು?"

"ನೀನು ಸ್ಪೀಕರ್ ನೋಡ್ಕೊ."

ಡಾಕ್ಟರು ಛಾವಣಿ ನೋಡಿದರು. ಅವರ ಎಡಗೈ ಮಾತ್ರ ತೊಡೆಯ ಮೇಲೆ ಆಗಲೇ ಅಭ್ಯಾಸ ಶುರುಮಾಡಿತ್ತು.

ಲಿಫ್ಟಣ್ಣ ಗಿಟಾರನ್ನು ಚೀಲಕ್ಕೆ ಹಾಕಿ ಜಿಪ್ಪು ಎಳೆದ. ಹೆಸರು ಬರಲಿಲ್ಲ, ಚಪ್ಪಾಳೆ ಬೀಳಲಿಲ್ಲ ಎಂಬ ಕೊರಗು ಅವನಿಗಿರಲಿಲ್ಲ. ಅವನ ಸಂಕಟ ಬೇರೆ, ಅದನ್ನು ಅವನು ಹೆಂಡತಿಯ ಹೊರತು ಯಾರಿಗೂ ಹೇಳಿರಲಿಲ್ಲ. ಅಕ್ಕನೇ ಕಟ್ಟಿದ ಹಾಡೊಂದಿತ್ತು. ಹಗ್ಗಕ್ಕೆ ಒಣಹಾಕಿದ ಬಟ್ಟೆಗಳೆಲ್ಲ ಗಾಳಿಗೆ ಕಿತ್ತುಕೊಂಡು ಊರ ಮೇಲೆ ಹಾರಿಹೋಗುವ ಹಾಡು. ಅದನ್ನು ಕೇಳಿದರೆ ಕೂತವರ ಕಾಲು ತಾನಾಗಿ ಕುಣಿಯುತ್ತಿತ್ತು. ಕೊನೆಯಲ್ಲಿ ಒಂದು ಉದ್ದನೆಯ ಸಾಲು ಬರುತ್ತದೆ. ಬಟ್ಟೆಗಳು ಹಾರುತ್ತ ಹಾರುತ್ತ ಎಲ್ಲೂ ನಿಲ್ಲದ ಸಾಲು ಅದು. ಹರೆಯದಲ್ಲಿ ಅಕ್ಕ ಅದನ್ನು ಒಂದೇ ಉಸಿರಿಗೆ ಹಾಡುತ್ತಿದ್ದಳು. ಲಾಂಡ್ರಿಯ ಹಬೆ, ಸೋಪಿನ ಪುಡಿ ಇವುಗಳಲ್ಲಿ ವರ್ಷಗಟ್ಟಲೆ ದುಡಿದು ದುಡಿದು ಅವಳ ಉಸಿರು ಮೋಟಾಯಿತು. ಈಗ ಸಾಲಿನ ನಡುವೆ ಮುಖವನ್ನು ಒಂದಿಷ್ಟು ಆಚೆ ತಿರುಗಿಸಿ, ಕೂದಲು ಸರಿಮಾಡಿಕೊಳ್ಳುವವಳಂತೆ, ಕದ್ದು ಒಂದು ಗುಟುಕು ಗಾಳಿ ತೆಗೆದುಕೊಳ್ಳುತ್ತಿದ್ದಳು. ಯಾರಿಗೂ ಗೊತ್ತಿಲ್ಲ ಎಂದು ಅವಳ ನಂಬಿಕೆ.

ಲಿಫ್ಟಣ್ಣನಿಗೆ ಮೊದಲ ದಿನವೇ ಗೊತ್ತಾಗಿತ್ತು. ಅವತ್ತಿನಿಂದ ಆ ಜಾಗ ಬಂದಾಗಲೆಲ್ಲ ಅವನು ನಾಲ್ಕು ಸ್ವರಗಳನ್ನು ಒಂದರ ಮೇಲೊಂದು ಹತ್ತಿಸಿ, ಅಕ್ಕ ಬಿಟ್ಟ ಕಡೆಯಿಂದ ಎತ್ತಿಕೊಂಡು, ಮುಂದೆ ಅವಳು ಹಿಡಿಯಬೇಕಾದ ಸ್ವರದ ಬಾಗಿಲಿಗೆ ತಂದು ನಿಲ್ಲಿಸುತ್ತಿದ್ದ. ಅಕ್ಕನ ಉಸಿರು ನಿಂತದ್ದು ಜನಕ್ಕೆ ತಿಳಿಯಬಾರದು, ಅಷ್ಟೇ. ಆದರೆ ಆ ನಾಲ್ಕು ಸ್ವರ ಕೇಳಿಸಿದರೆ ತಾನೆ! ಕೇಳಿಸದಿದ್ದರೆ ಆ ಜಾಗ ಖಾಲಿ ಬಿದ್ದಿರುತ್ತದೆ, ಅಕ್ಕ ಒಬ್ಬಳೇ ಅದರೊಳಗೆ ಏದುಸಿರು ಬಿಡುತ್ತಾಳೆ. ಡಾಕ್ಟರ ಎಡಗೈಗೆ ಈ ಜಾಗ ಎಲ್ಲಿಂದ ಗೊತ್ತಾಗಬೇಕು? ಹೇಳಿಕೊಡೋಣವೆಂದರೆ, "ನಮ್ಮಕ್ಕನಿಗೆ ಉಸಿರು ಸಾಲದು" ಎಂದು ಬಾಯಿಬಿಟ್ಟಂತಾಗುತ್ತದೆ. ಅದು ಅಕ್ಕನ ಕಿವಿಗೆ ಬಿದ್ದರೆ ಅವಳು ಹಾಡುವುದನ್ನೇ ಬಿಟ್ಟಾಳು. ಲಿಫ್ಟಣ್ಣನ ಬಾಯಿಗೆ ಹೀಗೆ ಎರಡೂ ಕಡೆಯಿಂದ ಬೀಗ ಬಿದ್ದಿತ್ತು.

ವಾಲ್ಯೂಮ್ ಏರಿಸಬಾರದಿತ್ತೇ ಎಂದು ನೀವು ಕೇಳಬಹುದು. ಏರಿಸಿ ನೋಡಿಯಾಗಿತ್ತು. ಸ್ವರ ಬರುತ್ತಿರಲಿಲ್ಲ, ಯಂತ್ರಗಳ ಬಾಗಿಲುಗಳು ಗಡಗಡ ನಡುಗುತ್ತಿದ್ದವು. ಹೊದಿಕೆ ಹೊದ್ದವನು ಒಳಗಿನಿಂದ ಮಾತಾಡಿದ ಹಾಗೆ ಗುಬುಗುಬು ಸದ್ದು. ಮೂರು ಸ್ವರ ಬಾರಿಸಿದರೂ ಒಂದೇ, ಮೂವತ್ತು ಬಾರಿಸಿದರೂ ಒಂದೇ.

ಆಗ ಅವನ ತಲೆಗೆ ಹೊಕ್ಕದ್ದು ಪಿಕಪ್ಪು. ಇದು ಸಾಮಾನು ಸಾಗಿಸುವ ಗಾಡಿಯಲ್ಲ. ಗಿಟಾರಿನ ತಂತಿಗಳ ಕೆಳಗೆ ಕೂತಿರುವ ಪುಟ್ಟ ಕಪ್ಪು ಡಬ್ಬಿ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ. ಮೇಲಿನ ತಂತಿ ನಡುಗಿದ್ದನ್ನು ಇದು ಹಿಡಿದು ಸ್ಪೀಕರಿಗೆ ಕಳಿಸುತ್ತದೆ. ಒಟ್ಟಿನಲ್ಲಿ ಗಿಟಾರಿನ ಕಿವಿ ಎನ್ನಿ. ಗಿಟಾರಿನ ಜೊತೆ ಕಾರ್ಖಾನೆಯಿಂದಲೇ ಬರುವ ಪಿಕಪ್ಪುಗಳು ಕಳಪೆ, ತೆಗೆದುಹಾಕಿ ಬೇರೆಯವನ್ನು ಕೂರಿಸಿದರೆ ಕಲ್ಲೂ ಹಾಡುತ್ತದೆ ಎಂದು ಮೊಬೈಲಿನಲ್ಲಿ ಒಬ್ಬ ಗಡ್ಡದವನು ಹೇಳಿದ. ಕಾರ್ಖಾನೆಯ ಪಿಕಪ್ಪಿನಲ್ಲೇ ಆತ್ಮವಿದೆ, ಮುಟ್ಟಬೇಡಿ ಎಂದು ಇನ್ನೊಬ್ಬ ಗಡ್ಡದವನು ಹೇಳಿದ. ಲಿಫ್ಟಣ್ಣ ಒಂದು ಗಡ್ಡದಿಂದ ಇನ್ನೊಂದು ಗಡ್ಡಕ್ಕೆ ಜಿಗಿಯುತ್ತ ಊಟ ತಿಂಡಿ ಮರೆತ. ಬೆಳಗ್ಗೆ ಹಲ್ಲುಜ್ಜುವಾಗ ಬದಲಿಸುವುದೇ ಸರಿ ಎನ್ನಿಸುತ್ತಿತ್ತು. ಬಾಯಿ ಮುಕ್ಕಳಿಸುವಷ್ಟರಲ್ಲಿ ಬೇಡ ಎನ್ನಿಸುತ್ತಿತ್ತು.

ಹೆಂಡತಿ ಕೆಲಸ ಮಾಡುತ್ತಿದ್ದುದು ಕಿವಿಯ ಆಸ್ಪತ್ರೆಯಲ್ಲಿ. ಜನರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸಣ್ಣ ಸಣ್ಣ ಸದ್ದು ಕಳಿಸಿ, "ಕೇಳಿಸಿದ್ರೆ ಕೈ ಎತ್ತಿ" ಎನ್ನುವ ಕೆಲಸ.

"ಬೆಳಗ್ಗಿಂದ ಸಂಜೆವರೆಗೂ 'ಕೇಳಿಸಲ್ಲ ಮೇಡಂ, ಕೇಳಿಸಲ್ಲ ಮೇಡಂ' ಅನ್ನೋರ ಜೊತೆ ಇದ್ದು ಮನೆಗೆ ಬಂದ್ರೆ ಇಲ್ಲಿ ನಿಮ್ಮದೊಂದು," ಎಂದಳು ಅವಳು. "ಬನ್ನಿ, ಕೂತ್ಕೊಳ್ಳಿ. ಒಂದು ಟೆಸ್ಟ್ ಮಾಡೇಬಿಡೋಣ."

ಅವನನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ ಕಣ್ಣಿಗೆ ಟವೆಲು ಕಟ್ಟಿದಳು. ಮೊಬೈಲಿನಲ್ಲಿ ಒಂದು ತುಣುಕು ಹಾಕಿದಳು. ಆಮೇಲೆ ಇನ್ನೊಂದು.

"ಎರಡನೇದು!" ಲಿಫ್ಟಣ್ಣ ಸ್ಟೂಲಿನಿಂದ ಎಗರಿ ಬೀಳುವಷ್ಟು ಜೋರಾಗಿ ಕೈ ಎತ್ತಿದ. "ಎರಡನೇದೇ ಹೊಸ ಪಿಕಪ್ಪು! ಆಹಾ, ಏನು ಸ್ಪಷ್ಟ, ಒಂದೊಂದು ಸ್ವರವೂ ಬಿಡಿಬಿಡಿ! ಮೊದಲನೇದು ಬರೀ ಮಣ್ಣು."

"ಒಂದನ್ನೇ ಎರಡು ಸಲ ಹಾಕಿದೀನಿ ರೀ."

ಅವನು ಎತ್ತಿದ ಕೈಯನ್ನು ಮೆಲ್ಲನೆ ಇಳಿಸಿದ.

"ನನ್ನ ಮಾತು ಕೇಳಿ," ಎಂದಳು ಅವಳು ನಗು ತಡೆದುಕೊಂಡು. "ನಮ್ಮಲ್ಲಿ ಬರೋರಲ್ಲಿ ಅರ್ಧ ಜನಕ್ಕೆ ಕಿವಿಗೆ ಮಷೀನೇ ಬೇಕಾಗಿರಲ್ಲ. ಗುಗ್ಗೆ ತೆಗೆದ್ರೆ ಸಾಕು, ಎಲ್ಲ ಕೇಳಿಸುತ್ತೆ. ಮೊದಲು ಕ್ಲೀನ್ ಮಾಡಿ, ಆಮೇಲೆ ಮಷೀನ್ ಮಾತು."

"ಕ್ಲೀನ್? ನನ್ನ ಗಿಟಾರು?" ಲಿಫ್ಟಣ್ಣ ಟವೆಲು ಕಿತ್ತೆಸೆದ. "ಈ ಭೂಮಿ ಮೇಲೆ ಅಷ್ಟು ಕ್ಲೀನಾಗಿರೋ ಗಿಟಾರು ಇನ್ನೊಂದಿಲ್ಲ!"

ಅದು ಸುಳ್ಳಲ್ಲ. ಗಿಟಾರಿನ ಮೈ ಕನ್ನಡಿಯಂತೆ ಹೊಳೆಯುತ್ತಿತ್ತು, ತಂತಿಗಳು ಪಳಪಳ ಎನ್ನುತ್ತಿದ್ದವು. ಸಂಗೀತದ ಅಂಗಡಿಯವನಿಗೆ ಮೊಬೈಲಿನಲ್ಲಿ ಫೋಟೋ ತೋರಿಸಿದಾಗ ಅವನೂ, "ಅಬ್ಬಾ, ಏನ್ ಸಾರ್ ಹೀಗಿಟ್ಕೊಂಡಿದೀರಿ, ಹೊಸದರ ಥರ ಇದೆ!" ಎಂದಿದ್ದ. ಆ ಹೊಗಳಿಕೆಯ ಗುಂಗಿನಲ್ಲೇ ಲಿಫ್ಟಣ್ಣ ಕೈಯಲ್ಲಿ ಒಂದು ಜೊತೆ ಹೊಸ ಪಿಕಪ್ಪು ಹಿಡಿದು ಹೊರಗೆ ಬಂದಿದ್ದ. ಬಸ್ಸಿನಲ್ಲಿ ಡಬ್ಬಿಯನ್ನು ಮೂರು ಸಲ ತೆಗೆದು ಮೂರು ಸಲ ಮುಚ್ಚಿದ. ಪಕ್ಕದವರು ಉಂಗುರವಿರಬೇಕೆಂದು ಇಣುಕಿ ನೋಡಿ ನಿರಾಶೆಯಿಂದ ಕಿಟಕಿಯ ಕಡೆ ತಿರುಗಿದರು. ತಂದದ್ದೇನೋ ಆಯಿತು, ಕೂರಿಸಲು ಮಾತ್ರ ಧೈರ್ಯ ಬರಲಿಲ್ಲ. ಕೂರಿಸಿಯೂ ಕೇಳಿಸದಿದ್ದರೆ? ಆಗ ತಪ್ಪು ಗಿಟಾರಿನದಲ್ಲ, ಬಾರಿಸುವವನದು ಎಂದಾಗುತ್ತದಲ್ಲ! ಡಬ್ಬಿ ಮುಚ್ಚಿಯೇ ಇದ್ದಷ್ಟು ದಿನ ಆಸೆಗೆ ಅಡ್ಡಿಯಿಲ್ಲ.

ಹೀಗೆ ಎಳೆದೂ ಎಳೆದೂ ಪ್ರೋಗ್ರಾಮಿನ ಭಾನುವಾರವೇ ಬಂದು ಬಾಗಿಲು ತಟ್ಟಿತು.

ಅವತ್ತು ಬೆಳಗ್ಗೆ ಲಿಫ್ಟಣ್ಣ ಬೆಸುಗೆ ಹಾಕುವ ಕಡ್ಡಿ, ಸ್ಕ್ರೂಡ್ರೈವರು, ಪಿಕಪ್ಪಿನ ಡಬ್ಬಿ ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ಲಾಂಡ್ರಿಗೆ ಬಂದ. ಹೆಂಡತಿಯೂ ಜೊತೆಗೆ ಬಂದಳು. "ಏನಾದ್ರೂ ಸುಟ್ಟುಕೊಂಡ್ರೆ ನೋಡೋಕೆ ಒಬ್ರು ಬೇಕಲ್ಲ," ಎಂಬುದು ಅವಳ ವಾದ. ಭಾವ ಡ್ರಮ್ಮಿನ ಚರ್ಮ ಬಿಗಿಮಾಡುತ್ತಿದ್ದರು. ಡಾಕ್ಟರು ಕೀಬೋರ್ಡನ್ನು ಚೀಲಕ್ಕೆ ಹಾಕುತ್ತ, ಎಡಗೈಯಲ್ಲಿ ಮಾತ್ರ ಗಾಳಿಯಲ್ಲೇ ಏನೋ ನುಡಿಸುತ್ತಿದ್ದರು.

ಲಿಫ್ಟಣ್ಣ ಗಿಟಾರನ್ನು ಇಸ್ತ್ರಿಯ ಮೇಜಿನ ಮೇಲೆ ಮಲಗಿಸಿದ. ಪಿಕಪ್ಪು ಬಿಚ್ಚಬೇಕಾದರೆ ಮೊದಲು ತಂತಿ ತೆಗೆಯಬೇಕು. ಗಿಟಾರಿನ ತುದಿಯ ತಿರುಪುಗಳನ್ನು ತಿರುಗಿಸಿ ತಿರುಗಿಸಿ ನಾಲ್ಕೂ ತಂತಿಗಳನ್ನು ಸಡಿಲಿಸಿ ಬಿಡಿಸಿದ. ಹತ್ತಿರದಲ್ಲಿ ಏನೋ ಬೆಳ್ಳಗೆ ಹಾಸಿದಂತೆ ಕಂಡಿತು, ಅದರ ಮೇಲೆ ಸಾಲಾಗಿ ಇಟ್ಟ. ಕೆಲಸದಲ್ಲಿ ಅಚ್ಚುಕಟ್ಟು ಎಂದರೆ ಅವನದೇ.

ಆ ಬೆಳ್ಳಗಿನದು ಹೋಟೆಲಿನವರ ಮೇಜಿನ ಬಟ್ಟೆ. ಶನಿವಾರವೇ ಇಸ್ತ್ರಿಯಾಗಿ ಸೋಮವಾರಕ್ಕೆ ಕಾದಿದ್ದದ್ದು.

"ಪುಟ್ಟಾ!"

ಅಕ್ಕನ ಕೂಗಿಗೆ ಭಾವನ ಕೈಯಿಂದ ಕೋಲು ಬಿತ್ತು. ಅವಳು ಒಂದು ತಂತಿಯನ್ನು ಎರಡು ಬೆರಳಲ್ಲಿ ಎತ್ತಿದಳು. ಬಟ್ಟೆಯ ಮೇಲೆ ಕಪ್ಪನೆ ಒಂದು ಗೆರೆ. ಇನ್ನೊಂದು ಎತ್ತಿದಳು, ಇನ್ನೊಂದು ಗೆರೆ. ನಾಲ್ಕೂ ಎತ್ತಿದ ಮೇಲೆ ನಾಲ್ಕು ಗೆರೆಗಳು ಒಂದರ ಪಕ್ಕ ಒಂದು ನೀಟಾಗಿ ಮೂಡಿ ನಿಂತವು.

"ಏನೋ ಇದು?"

"ಎಣ್ಣೆ ಅಕ್ಕ," ಎಂದ ಲಿಫ್ಟಣ್ಣ, ಇದೂ ಒಂದು ಪ್ರಶ್ನೆಯೇ ಎನ್ನುವ ಹಾಗೆ.

"ಗಿಟಾರಿಗೆ ಎಣ್ಣೆನಾ?"

"ಮೈಗಲ್ಲ, ತಂತಿಗೆ. ಪ್ರತಿ ಭಾನುವಾರ ಬೆಳಗ್ಗೆ ಬಟ್ಟೆಗೆ ಎರಡು ಹನಿ ಹಾಕ್ಕೊಂಡು ಸವರ್ತೀನಲ್ಲ. ಲಿಫ್ಟ್ ಹಗ್ಗದ ಎಣ್ಣೆ, ಒಳ್ಳೇ ಮಾಲು. ತುಕ್ಕು ಹತ್ತಿರ ಸುಳಿಯಲ್ಲ."

ಡಾಕ್ಟರು ಗಾಳಿಯಲ್ಲಿ ನುಡಿಸುವುದನ್ನು ನಿಲ್ಲಿಸಿದರು. ಹತ್ತಿರ ಬಂದು ಕನ್ನಡಕ ಹಣೆಗೇರಿಸಿ, ಬಾಯೊಳಗೆ ನೋಡುವ ಹಾಗೆ ತಂತಿಯನ್ನು ನೋಡಿದರು. ತಂತಿಗೆ ಸುತ್ತಿದ ಸಣ್ಣ ಎಳೆಯ ಸಂದುಸಂದಿನಲ್ಲೂ ಎಣ್ಣೆ, ಧೂಳು, ಬೆರಳಿನ ಬೆವರು ಸೇರಿ ಗಾರೆಯ ಹಾಗೆ ಕೂತಿತ್ತು, ತಂತಿ ನಡುಗುವುದಾದರೂ ಹೇಗೆ!

"ಈ ತಂತಿ ಹಾಕಿ ಎಷ್ಟು ದಿನ ಆಯ್ತು?" ಎಂದರು.

"ಗಿಟಾರಿನ ಜೊತೇಲೇ ಬಂದದ್ದು ಡಾಕ್ಟ್ರೇ. ಹತ್ತು ಹನ್ನೆರಡು ವರ್ಷ ಆಗಿರಬಹುದು."

"ಒಂದ್ಸಲವೂ ಬದಲಿಸಿಲ್ವಾ?"

"ಯಾಕೆ ಬದಲಿಸಬೇಕು?" ಲಿಫ್ಟಣ್ಣನಿಗೆ ನಿಜಕ್ಕೂ ಆಶ್ಚರ್ಯ. "ನೋಡಿ, ಬಟ್ಟೆ ಸವರಿ ನೋಡಿ. ಒಂದು ಎಳೆಯಾದ್ರೂ ಕಿತ್ತಿದೆಯಾ?"

ಅವನು ಒಬ್ಬೊಬ್ಬರ ಮುಖವನ್ನೂ ನೋಡಿದ. ಮೊದಲು ಹೆಂಡತಿಯ ಭುಜ ಅಲುಗತೊಡಗಿತು. ಆಮೇಲೆ ಅಕ್ಕ ಮೇಜಿನ ಬಟ್ಟೆಯ ನಾಲ್ಕು ಗೆರೆಗಳನ್ನು ನೋಡಿದಳು, ತಮ್ಮನ ಮುಖ ನೋಡಿದಳು, ಅಷ್ಟೇ, ತೊಳೆಯುವ ಯಂತ್ರಕ್ಕೆ ಒರಗಿ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಡಾಕ್ಟರಿಗೆ ನಕ್ಕೂ ನಕ್ಕೂ ಬಿಕ್ಕಳಿಕೆ ಹತ್ತಿತು. "ಅವರಿವರು ಆರು ತಿಂಗಳಿಗೆ ಬದಲಿಸ್ತಾರೆ... ಹಿಕ್... ನೀವು ಲಿಫ್ಟಿಗೆ ಹಾಕಿದ ಹಾಗೆ... ಹಿಕ್..." ಮುಂದೆ ಅವರಿಂದ ಆಗಲಿಲ್ಲ.

"ಗುಗ್ಗೆ ರೀ!" ಎಂದಳು ಹೆಂಡತಿ ಕಣ್ಣೊರೆಸಿಕೊಳ್ಳುತ್ತ. "ಹೇಳಿದ್ನೋ ಇಲ್ವೋ? ಗುಗ್ಗೆ!"

ಲಿಫ್ಟಣ್ಣನ ಬೋಳುತಲೆ ಕೆಂಪಾಯಿತು. ಎಷ್ಟು ಭಾನುವಾರಗಳು, ಎಷ್ಟು ಪ್ರೀತಿಯಿಂದ, ತನ್ನ ಕೈಯಾರೆ ತಾನೇ ಅದರ ಕತ್ತು ಹಿಸುಕಿದ್ದ! ನಾಚಿಕೆಯಾಗಬೇಕಿತ್ತು, ಆಯಿತು ಕೂಡ. ಆದರೆ ತಪ್ಪು ಬೆರಳುಗಳದ್ದಲ್ಲ! ಬೆರಳುಗಳದ್ದಲ್ಲವೇ ಅಲ್ಲ! ಎಲ್ಲರಿಗಿಂತ ಕೊನೆಗೆ ನಕ್ಕವನು ಅವನೇ, ಎಲ್ಲರಿಗಿಂತ ಜೋರಾಗಿ.

ನಕ್ಕು ಮುಗಿದ ಮೇಲೆ ಗಾಬರಿ ಶುರುವಾಯಿತು. ಭಾನುವಾರ ಸಂಗೀತದ ಅಂಗಡಿಗೆ ಬೀಗ. ಹೊಸ ತಂತಿ ಎಲ್ಲಿಂದ ತರುವುದು? ಪ್ರೋಗ್ರಾಮು ಸಂಜೆಗೆ. ಎಲ್ಲರೂ ಕಣ್ಣುಕಣ್ಣು ಬಿಡುತ್ತ ನಿಂತರು.

"ತೊಳೀರಿ," ಎಂದರು ಭಾವ.

ಡ್ರಮ್ಮೇ ಮಾತಾಡಿದಷ್ಟು ಬೆಚ್ಚಿ ಎಲ್ಲರೂ ಅತ್ತ ತಿರುಗಿದರು. ಭಾವ ಸುತ್ತಲಿನ ಯಂತ್ರಗಳ ಕಡೆ ಕೋಲು ತೋರಿಸಿ ಮತ್ತೆ ಬಾಯಿ ಮುಚ್ಚಿಕೊಂಡರು. ಆ ವರ್ಷದ ಮಾತು ಅಲ್ಲಿಗೆ ಮುಗಿಯಿತು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. "ಸರೀರಿ ಎಲ್ಲ. ಜಿಡ್ಡು ತೆಗೆಯೋದು ಯಾರ ಕಸುಬು? ನಂದು!" ಹೋಟೆಲ್ ಅಡುಗೆಯವರ ಏಪ್ರನ್ನುಗಳಿಗೆ ಹಾಕುವ ಪುಡಿಯನ್ನು ಕುದಿಯುವ ನೀರಿಗೆ ಸುರಿದಳು. ತಂತಿಗಳನ್ನು ಸುರುಳಿ ಸುತ್ತಿ ದಾರ ಕಟ್ಟಿ ಮುಳುಗಿಸಿದಳು. ನೀರು ಆಗಲೇ ಕಪ್ಪಾಯಿತು. ಅದನ್ನು ಚೆಲ್ಲಿ ಮತ್ತೊಂದು ನೀರು, ಅದೂ ಕಪ್ಪು. ಕಾಲರು ಉಜ್ಜುವ ಬ್ರಷ್ಷಿನಿಂದ ಒಂದೊಂದು ತಂತಿಯನ್ನೂ ಉಜ್ಜುತ್ತ, "ಅಯ್ಯೋ ನಿನ್ನ, ಅಯ್ಯೋ ನಿನ್ನ" ಎಂದು ತಮ್ಮನನ್ನು ಬೈಯುತ್ತ, ನಡುನಡುವೆ ಮತ್ತೆ ನಗುತ್ತ ಹೋದಳು. ಆಮೇಲೆ ದಿಂಬಿನ ಚೀಲದೊಳಗೆ ಹಾಕಿ ಗಂಟು ಬಿಗಿದು ಒಣಗಿಸುವ ಯಂತ್ರಕ್ಕೆ ತುರುಕಿದಳು. ಒಳಗೆ ಠಣ್ ಠಣ್ ಠಣಾಠಣ್ ಎಂದು ತಂತಿಗಳು ಬಡಿದಾಡುವ ಸದ್ದಿಗೆ ಭಾವ ತಲೆದೂಗುತ್ತ ಡ್ರಮ್ಮಿನ ಅಂಚಿನ ಮೇಲೆ ತಾಳ ಹಾಕಿದರು.

"ಹೇಗೂ ಬಿಚ್ಚಿದೀರಿ," ಎಂದರು ಡಾಕ್ಟರು. "ತಂತಿ ಒಣಗೋಷ್ಟರಲ್ಲಿ ಹೊಸ ಪಿಕಪ್ಪೂ ಕೂರಿಸಿಬಿಡಿ. ಎರಡೂ ಆಗಿಹೋಗ್ಲಿ."

ಬೆಸುಗೆಯ ಕಡ್ಡಿ ಕಾದು ಹೊಗೆಯಾಡುತ್ತಿತ್ತು. ಡಬ್ಬಿಯೊಳಗೆ ಹೊಸ ಪಿಕಪ್ಪುಗಳು ಮಿಣಮಿಣ ನೋಡುತ್ತಿದ್ದವು. ಲಿಫ್ಟಣ್ಣ ಒಂದನ್ನು ಎತ್ತಿಕೊಂಡ. ಆ ಕ್ಷಣದಲ್ಲಿ ಎರಡೂ ಗಡ್ಡದವರು ಅವನ ಎರಡೂ ಕಿವಿಯಲ್ಲಿ ಒಟ್ಟಿಗೆ ಕೂಗತೊಡಗಿದರು. ಇವತ್ತು ಕೇಳಿಸದಿದ್ದರೆ ಎಡಗೈ ಬರುತ್ತದೆ. ಕೈಯಲ್ಲಿರುವುದನ್ನೆಲ್ಲ ಹಾಕಿಬಿಡುವುದೇ ಕ್ಷೇಮವಲ್ಲವೇ?

ಅವನು ಪಿಕಪ್ಪನ್ನು ವಾಪಸ್ ಡಬ್ಬಿಯಲ್ಲಿಟ್ಟು ಮುಚ್ಚಿದ.

"ಬೇಡ ಡಾಕ್ಟ್ರೇ. ನಮ್ಮ ಕೆಲಸದಲ್ಲಿ ಒಂದೇ ಸಲಕ್ಕೆ ಎರಡು ಸಾಮಾನು ಬದಲಿಸಬಾರದು. ಬದಲಿಸಿದ್ರೆ ಕೆಟ್ಟದ್ದು ಯಾವುದು ಅಂತ ಸಾಯೋವರೆಗೂ ಗೊತ್ತಾಗಲ್ಲ." ಗಿಟಾರಿನ ಮೇಲೆ ಕೈಯಿಟ್ಟು, "ಈ ಹಳೇ ಪಿಕಪ್ಪನ್ನ ನಾನು ಅನ್ಯಾಯವಾಗಿ ಬೈದಿದೀನಿ. ಇವತ್ತೊಂದು ದಿನ ಮಾತಾಡೋಕೆ ಬಿಡೋಣ," ಎಂದ.

ಕಡ್ಡಿಯ ಪ್ಲಗ್ಗು ಕಿತ್ತವಳು ಹೆಂಡತಿ.

ಸಂಜೆ ಪಾರ್ಕಿನ ನಡುವಿನ ಕಟ್ಟೆಯ ಮೇಲೆ ತಂಡ ಸಜ್ಜಾಯಿತು. ಹುಲ್ಲಿನ ಮೇಲೆ ಜನ ಕಾಲುಚಾಚಿ ಕೂತಿದ್ದರು, ಮಕ್ಕಳು ಓಡಾಡುತ್ತಿದ್ದವು, ನಾಯಿಯೊಂದು ಕಟ್ಟೆಯ ಮೆಟ್ಟಿಲಲ್ಲೇ ಮಲಗಿತ್ತು. ಲಿಫ್ಟಣ್ಣನ ಗಿಟಾರಿನಿಂದ ಒಗೆದ ಮೇಜಿನ ಬಟ್ಟೆಯ ಪರಿಮಳ ಬರುತ್ತಿತ್ತು. ಹೆಂಡತಿ ಎಲ್ಲರಿಗಿಂತ ಹಿಂದಿನ ಸಾಲಿನಲ್ಲಿ ಹೋಗಿ ಕೂತಿದ್ದಳು.

ಭಾವ ಕೋಲು ಕುಟ್ಟಿದರು. ಲಿಫ್ಟಣ್ಣ ಮೊದಲ ತಂತಿ ಮೀಟಿದ.

ಅಯ್ಯಯ್ಯೋ, ಅದೇನು ಸದ್ದು! ಗುಂಯ್ ಎಂದು ಎದ್ದ ಸ್ವರ ಕಟ್ಟೆಯಿಂದ ಇಳಿದು, ಹುಲ್ಲಿನ ಮೇಲೆ ಉರುಳಿಕೊಂಡು ಹೋಗಿ, ಕೂತವರ ಬೆನ್ನು ತಟ್ಟಿ ಎಬ್ಬಿಸಿತು. ಮೆಟ್ಟಿಲ ಮೇಲಿನ ನಾಯಿ ತಲೆಯೆತ್ತಿತು. ಹಿಂದಿನ ಸಾಲಿನಲ್ಲಿ ಹೆಂಡತಿ ನೆಟ್ಟಗೆ ಕೈ ಎತ್ತಿದಳು, ಗಾಜಿನ ಕೋಣೆಯಲ್ಲಿ ಕೂತವರು ಎತ್ತುವ ಹಾಗೆ. ಅದನ್ನು ನೋಡಿ ಲಿಫ್ಟಣ್ಣನಿಗೆ ಕುಣಿಯಬೇಕೆನ್ನಿಸಿತು. ಅನ್ನಿಸಿದ್ದೇನು, ಕುಣಿದೇಬಿಟ್ಟ. ದಪ್ಪ ಮನುಷ್ಯ ಸ್ಪೀಕರಿನ ಪಕ್ಕ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಜಿಗಿಯುವುದನ್ನು ನೋಡಿ ಮಕ್ಕಳೂ ಜಿಗಿದವು. ಡಾಕ್ಟರು ಬೆರಗಿನಿಂದ ನೋಡಿ, ತಮ್ಮ ಎಡಗೈಯನ್ನು ಮೆಲ್ಲನೆ ತೊಡೆಯ ಮೇಲೆ ಮಲಗಿಸಿದರು.

ಹಾಡಿನ ಮೇಲೆ ಹಾಡು ಹೋಗಿ ಕೊನೆಗೆ ಬಟ್ಟೆ ಹಾರುವ ಹಾಡು ಬಂತು. ಜನ ಎದ್ದು ಕುಣಿಯುತ್ತಿದ್ದರು. ಅಕ್ಕ ಉದ್ದನೆಯ ಸಾಲು ಎತ್ತಿಕೊಂಡಳು. ಬಟ್ಟೆಗಳು ಹಾರಿದವು, ಹಾರಿದವು, ಅವಳು ಮುಖ ಆಚೆ ತಿರುಗಿಸಿ ಕೂದಲಿಗೆ ಕೈ ಹಾಕಿದಳು. ಆಗ ಅವಳ ಬೆನ್ನ ಹಿಂದಿನಿಂದ ನಾಲ್ಕು ಸ್ವರಗಳು, ದುಂಡಗೆ, ಸ್ವಚ್ಛವಾಗಿ, ಒಂದರ ಮೇಲೊಂದು ಹತ್ತಿಕೊಂಡು ಬಂದು ಅವಳು ಹಿಡಿಯಬೇಕಾದ ಸ್ವರದ ಮುಂದೆ ಸರಿಯಾಗಿ ನಿಂತವು.

ಅಕ್ಕ ಹಾಡುವುದನ್ನೇ ಮರೆತಳು. ಡಾಕ್ಟರು ಸಮಯಕ್ಕೆ ಸರಿಯಾಗಿ ಬಲಗೈ ಓಡಿಸಿ ನಡುವಿನ ವಾದ್ಯದ ಭಾಗಕ್ಕೆ ಹಾರಿದರು. ಅಕ್ಕ ಮೈಕನ್ನು ಕೆಳಗಿಳಿಸಿ ಲಿಫ್ಟಣ್ಣನ ಹತ್ತಿರ ಬಂದಳು.

"ಇದನ್ನ ಎಷ್ಟು ದಿನದಿಂದ ಬಾರಿಸ್ತಾ ಇದೀಯೋ?"

"ಯಾವುದನ್ನ?"

"ನಾನು ಉಸಿರು ತಗೊಳ್ಳೋ ಜಾಗದಲ್ಲಿ."

ಲಿಫ್ಟಣ್ಣ ಬೆರಳು ನಿಲ್ಲಿಸದೆ ತಲೆ ತಗ್ಗಿಸಿದ. ಸುಳ್ಳು ಹೇಳಲು ಹೊರಟ, ಬರಲಿಲ್ಲ. "ಮೊದಲಿಂದ್ಲೂ ಅಕ್ಕಾ. ನಿನಗೆ ಉಸಿರು ಕಟ್ಟೋಕೆ ಶುರುವಾದಾಗಿಂದ."

"ನಿನಗೆ ಗೊತ್ತಿತ್ತಾ?"

"ಹ್ಞೂಂ."

"ನಾನು ಒಬ್ಬಳೇ ಅಂದ್ಕೊಂಡಿದ್ನಲ್ಲೋ," ಎಂದಳು ಅಕ್ಕ. ಅವಳ ಕಣ್ಣು ತುಂಬಿತು. "ಪ್ರತಿ ಸಲ ಆ ಜಾಗ ಬಂದಾಗ, ಇವತ್ತು ಬಿದ್ದೇಬಿಡ್ತೀನಿ ಅಂತ ಹೆದರ್ಕೊಂಡು ಸಾಯ್ತಿದ್ದೆ. ಹಿಂದೆ ನೀನಿದ್ಯಾ? ಇಷ್ಟು ವರ್ಷವೂ ಇದ್ಯಾ?"

"ಇದ್ದೆ. ಕೇಳಿಸ್ತಿರಲಿಲ್ಲ, ಅಷ್ಟೇ."

"ಕತ್ತೆ!" ಎಂದು ಅಕ್ಕ ಊರೆಲ್ಲ ನೋಡುತ್ತಿರುವಾಗಲೇ ಅವನ ಬೋಳುತಲೆಗೆ ಪಟ್ಟನೆ ಒಂದು ಕೊಟ್ಟಳು. ಜನ ಇದೂ ಪ್ರೋಗ್ರಾಮಿನ ಭಾಗವೆಂದುಕೊಂಡು ಚಪ್ಪಾಳೆ ತಟ್ಟಿದರು.

ಅವಳು ಮೈಕಿನ ಹತ್ತಿರ ಹೋಗಿ ಆ ಉದ್ದನೆಯ ಸಾಲನ್ನು ಮತ್ತೆ ಮೊದಲಿನಿಂದ ಎತ್ತಿದಳು. ಬಟ್ಟೆಗಳು ಮತ್ತೆ ಹಾರಿದವು. ಆ ಜಾಗ ಬಂದಾಗ ಅಕ್ಕ ಮುಖ ತಿರುಗಿಸಲಿಲ್ಲ, ಕೂದಲಿಗೆ ಕೈ ಹಾಕಲಿಲ್ಲ. ಎಲ್ಲರ ಎದುರಿಗೆ ನೆಟ್ಟಗೆ ನಿಂತು, ಬಾಯಿ ಮುಚ್ಚಿ, ಎದೆ ತುಂಬ ನಿಧಾನವಾಗಿ ಉಸಿರು ತೆಗೆದುಕೊಂಡಳು. ಲಿಫ್ಟಣ್ಣ ನಾಲ್ಕು ಸ್ವರ ಹತ್ತಿಸಿ ಬಾಗಿಲಿಗೆ ತಂದ. ಅವಳು ಒಳಗೆ ಬರಲಿಲ್ಲ. ನಗುತ್ತ ನಿಂತಿದ್ದಳು. ಅವನು ಇಳಿದು ಇನ್ನೊಮ್ಮೆ ಹತ್ತಿಸಿದ. ಆಗಲೂ ಬರಲಿಲ್ಲ. ತಮ್ಮನ ಕಡೆ ತಿರುಗಿ, ಇನ್ನೊಂದು ಸಲ ಎನ್ನುವಂತೆ ಕೈಯಾಡಿಸಿದಳು. ಮೂರನೆಯ ಸಲ ಅವನು ತಂದು ನಿಲ್ಲಿಸಿದಾಗ, ಅಕ್ಕ ಅವಸರವಿಲ್ಲದೆ ಮುಂದಿನ ಮಾತು ಹಿಡಿದು ಹಾಡಿದಳು.